ಕಾಲಿನ ಹೆಬ್ಬೆರಳಿನ ಸಾಕ್ಷಿ

ಭೀಮನಿಗೆ ಗದೆ, ಅರ್ಜುನನಿಗೆ ಗಾಂಡೀವ, ಪುಂಜಾಲಕಟ್ಟೆಯ ನೋಣಯ್ಯ ಶೆಟ್ಟರಿಗೆ ಎರಡು ಕಣ್ಣು. ಆ ಕಣ್ಣುಗಳ ಎದುರು ಸುಳ್ಳು ಹೇಳಿ ದಕ್ಕಿಸಿಕೊಂಡವರು ಬಂಟ್ವಾಳದಲ್ಲೂ ಇರಲಿಲ್ಲ, ಬೆಳ್ತಂಗಡಿಯಲ್ಲೂ ಇರಲಿಲ್ಲ. ಮೂಡಬಿದಿರೆಯಲ್ಲಿ ಒಬ್ಬನಿದ್ದನಂತೆ. ಅವನು ನಿದ್ದೆಯಲ್ಲಿ ಮಾತಾಡಿದ್ದನೆಂದು ಆಮೇಲೆ ತಿಳಿದು, ಆ ಸೋಲನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಕಸುಬಿನಲ್ಲಿ ಶೆಟ್ಟರು ಎತ್ತು, ಕೋಣಗಳ ದಲ್ಲಾಳಿ. ಆ ವ್ಯಾಪಾರದಲ್ಲಿ ಬಾಯಿಗೆ ಕೆಲಸ ಕಡಿಮೆ. ಮಾರುವವನೂ ಕೊಳ್ಳುವವನೂ ಮೈ ಒರೆಸುವ ಒಂದು ಬೈರಾಸಿನ ಅಡಿಯಲ್ಲಿ ಕೈ ಕೈ ಹಿಡಿದು, ಬೆರಳು ಒತ್ತಿ ಬೆಲೆ ಹೇಳುತ್ತಾರೆ. ಅಡಿಯಲ್ಲಿ ಕುರುಕ್ಷೇತ್ರವೇ ನಡೆಯುತ್ತಿದ್ದರೂ ಬೈರಾಸಿನ ಮೇಲೆ ಎರಡು ಮುಖಗಳು ಈಗ ತಾನೇ ಹುಟ್ಟಿದ ಶಿಶುಗಳ ಹಾಗೆ ಆಕಾಶ ನೋಡುತ್ತಿರುತ್ತವೆ. ಇಂಥ ಮುಖಗಳ ನಡುವೆಯೇ ತಲೆ ನೆರೆಸಿಕೊಂಡ ಶೆಟ್ಟರು ತಮ್ಮದೇ ಒಂದು ಶಾಸ್ತ್ರ ಕಟ್ಟಿದ್ದರು. ಸುಳ್ಳುಗಾರನ ಕಣ್ಣು ನೆಲ ನೋಡುತ್ತದೆ ಎಂದು ಲೋಕ ನಂಬಿದೆಯಷ್ಟೆ. ಅದು ಎಳೆಯ ಸುಳ್ಳುಗಾರನ ಲಕ್ಷಣ ಎಂಬುದು ಶೆಟ್ಟರ ಮತ. ಬಲಿತ ಸುಳ್ಳುಗಾರ ರೆಪ್ಪೆ ಹೊಡೆಯದೆ ನೇರ ನೋಡುತ್ತಾನೆ. ತಾನು ಹೇಳಿದ್ದು ಎದುರಿನವನ ಮುಖದಲ್ಲಿ ಸರಿಯಾಗಿ ಕೂತಿತೋ ಇಲ್ಲವೋ ಎಂದು ಅವನು ನೋಡಬೇಡವೇ? ಅವನನ್ನು ಹಿಡಿಯಬೇಕಾದರೆ ಕಾಲು ನೋಡಬೇಕು. ಮುಖಕ್ಕೆ ಸುಳ್ಳು ಕಲಿಸಬಹುದು, ಕೈಗೆ ಕಲಿಸಬಹುದು. ಆದರೆ ಕಾಲಿನ ಹೆಬ್ಬೆರಳು ತಲೆಯಿಂದ ಬಹಳ ದೂರದ ಊರಿನಲ್ಲಿ ಇರುವುದರಿಂದ ಶಾಲೆಯ ಮೆಟ್ಟಲು ಹತ್ತಿದ್ದಲ್ಲ. ಸುಳ್ಳು ಬಾಯಿ ಬಿಟ್ಟ ಕ್ಷಣವೇ ಅದು ಮಡಚಿಕೊಂಡು ನೆಲ ಕೆರೆಯುತ್ತದೆ.

ಈ ವಿದ್ಯೆಯಿಂದ ಶೆಟ್ಟರಿಗೆ ಕೀರ್ತಿ ಬಂತು, ಹೆಂಡತಿ ಬರಲಿಲ್ಲ. ಪ್ರಾಯದಲ್ಲಿ ಹೆಣ್ಣು ನೋಡಲು ಹೋದ ಮನೆಗಳಲ್ಲಿ ಅವರು ಮೊದಲು ಅಪ್ಪನ ಹೆಬ್ಬೆರಳು ನೋಡಿದರು. "ಹುಡುಗಿಗೆ ಅಡಿಗೆ ಎಲ್ಲ ಬರ್ತದೆ" ಎಂದಾಗ ಅದು ಮಡಚಿತು. ಆಮೇಲೆ ಹುಡುಗಿಯ ಬೆರಳು ನೋಡಿದರು. ಅವಳು ಬಾಗಿಲ ಸಂದಿಯಲ್ಲಿ ನಿಂತು "ನನಗೆಂತ, ಅಪ್ಪ ಹೇಳಿದ ಹಾಗೆ" ಎನ್ನುತ್ತಾ ನೆಲ ಕೆರೆದಾಗ, ಶಾಲು ಕೊಡವಿ ಎದ್ದು ಬಂದರು. ಮನೆ ಬದಲಾದರೂ ಬೆರಳು ಬದಲಾಗಲಿಲ್ಲ. ಹೀಗೆ ಸತ್ಯಲಕ್ಷ್ಮಿಯೊಬ್ಬಳನ್ನೇ ವರಿಸಿದ ಶೆಟ್ಟರು, ಗಂಡ ತೀರಿಹೋಗಿ ಕುಟುಂಬದ ಮನೆಗೆ ಬಂದಿದ್ದ ತಂಗಿ ನೀಲಾವತಿಯ ಜೊತೆಯಲ್ಲೇ ಉಳಿದರು.

ನೀಲಾವತಿಗೆ ಒಬ್ಬ ಮಗಳು, ಕಾಂತಿ. ತಾಯಿಯ ಕಡೆಯಿಂದ ವಂಶ ನಡೆಯುವ ಅಳಿಯಕಟ್ಟಿನ ಕುಟುಂಬದಲ್ಲಿ ಹುಡುಗಿಯ ಮದುವೆ ಸೋದರಮಾವನ ಹೆಗಲಿನ ಭಾರ. ಆ ಭಾರ ಇಳಿಯಲು ಮಾತ್ರ ಒಪ್ಪಲಿಲ್ಲ. ಮೊದಲ ಸಂಬಂಧ ಜಾತಕದಲ್ಲಿ ಮುರಿಯಿತು. ಎರಡನೆಯದು ಯಾಕೆ ಮುರಿಯಿತೆಂದು ಮುರಿದವರಿಗೂ ಗೊತ್ತಾಗಲಿಲ್ಲ. ಮೂರನೆಯದರ ನಿಶ್ಚಯದ ದಿನ, ಎಲೆಯೂ ಅಲ್ಲಾಡದ ನಡುಹಗಲಿನಲ್ಲಿ, ಚಾವಡಿಯ ದೀಪ ಯಾರೋ ಊದಿದ ಹಾಗೆ ಆರಿತು. ಗಂಡಿನ ಕಡೆಯವರು ಊಟಕ್ಕೂ ನಿಲ್ಲಲಿಲ್ಲ.

ಐವತ್ತೇಳನೆಯ ಇಸವಿಯಲ್ಲಿ ಬಂದ ನಾಲ್ಕನೆಯದು ಮೂಡಬಿದಿರೆಯ ಸಂಬಂಧ. ಹುಡುಗ ಶಾಲೆ ಮೇಷ್ಟ್ರು. ಆ ಮಾತು ಬಂದಾಗ ಕಾಂತಿ ಕಾಯಿ ತುರಿಯುವುದನ್ನು ನಿಲ್ಲಿಸಿದಳು. "ನನಗೆಂತ, ಮಾವ ಹೇಳಿದ ಹಾಗೆ" ಎಂದಳು. ಹೆಬ್ಬೆರಳು ನೆಲ ಕೆರೆಯಿತು.

"ಸುಳ್ಳು ಹೇಳ್ತಾಳೆ. ಇವಳಿಗೆ ಮನಸ್ಸಿಲ್ಲ," ಎಂದರು ಶೆಟ್ಟರು.

"ಅಣ್ಣ, ನೀನು ಕೋಣಗಳನ್ನು ನೋಡಿಕೋ," ಎಂದಳು ನೀಲಾವತಿ.

ಈ ಸಲ ಮೊದಲೇ ಪ್ರಶ್ನೆ ಇಡಿಸಿದರು. ಜೋಯಿಸರು ಕವಡೆ ಎಣಿಸಿ ಹೇಳಿದರು: "ನಿಮ್ಮ ಮನೆಯಲ್ಲಿ ಮದುವೆಗೆ ಕಾದು ಕೂತವನೊಬ್ಬ ಇದ್ದಾನೆ. ಅವನನ್ನು ದಾಟಿ ತಂಗಿ ಹೊಸ್ತಿಲು ಇಳಿಯುವ ಹಾಗಿಲ್ಲ."

ಅವನು ಕಾಂತಿಗಿಂತ ಮೊದಲು ಹುಟ್ಟಿದ ಅಣ್ಣ ಶೇಖರ, ನಾಲ್ಕು ವರ್ಷದವನಿರುವಾಗ ಜ್ವರದಲ್ಲಿ ಹೋದವನು. ಸತ್ತವರಿಗೂ ವಯಸ್ಸಾಗುತ್ತದೆ ಎಂಬುದು ತುಳುನಾಡಿನಲ್ಲಿ ಎಲ್ಲರಿಗೂ ತಿಳಿದ ವಿಷಯ. ಮನೆಯವರು ಮರೆತರೂ ಶೇಖರ ಮೂಲೆಯಲ್ಲೆಲ್ಲೋ ಬೆಳೆದು, ಮೀಸೆ ಬಂದು, ಇಪ್ಪತ್ತೈದು ತುಂಬಿಸಿ ಕೂತಿದ್ದ. ಅವನಿಗೊಂದು ಹೆಣ್ಣು ಬೇಕು. ತೀರಿಹೋದ ಹೆಣ್ಣೇ ಆಗಬೇಕು. ಬದುಕಿದವರು ಮದುವೆಯಾಗದ, ಮಳೆಗಾಲದ ಆಟಿ ತಿಂಗಳಿನಲ್ಲಿ ಧಾರೆ ಎರೆಯಬೇಕು. ಮೂಡಬಿದಿರೆಯವರು ಒಳ್ಳೆಯವರು, ಆಟಿ ಮುಗಿಯುವ ತನಕ ಕಾಯುತ್ತೇವೆಂದರು. ಅದರಾಚೆಗೆ ಕಾಯುವುದಿಲ್ಲವೆಂದೂ ಹೇಳಿದರು.

ಬದುಕಿದ ಹೆಣ್ಣನ್ನು ಹುಡುಕುವುದಕ್ಕಿಂತ ಸತ್ತ ಹೆಣ್ಣನ್ನು ಹುಡುಕುವುದು ಕಷ್ಟ. ಅಲ್ಲಿಯೂ ಜಾತಿ ನೋಡಬೇಕು, ಗೋತ್ರದ ಹಾಗೆ ಬಳಿ ಬೇರೆ ಇರಬೇಕು, ಮನೆತನ ಸರಿ ಹೊಂದಬೇಕು. ಕಡೆಗೆ ಸುದ್ದಿ ತಂದವನು ವಿಟ್ಲದ ಬ್ಯಾರಿ ಮೊಯಿದಿನಬ್ಬ, ಬೈರಾಸಿನ ಅಡಿಯಲ್ಲಿ ಶೆಟ್ಟರ ಬೆರಳು ಹಿಡಿದು ಹಿಡಿದು ಸ್ನೇಹಿತನಾದ ಜಾನುವಾರು ವ್ಯಾಪಾರಿ.

"ಕನ್ಯಾನದಲ್ಲಿ ಒಂದು ಮನೆ ಉಂಟು ಶೆಟ್ರೆ. ರಮಾನಾಥ ಶೆಟ್ರು ಅಂತ. ಮಗಳು ಸರಸ ತೀರಿಹೋಗಿ ಮೂರು ವರ್ಷ ಆಯ್ತು. ಒಳ್ಳೆ ಹುಡುಗಿ ಮಾರಾಯ್ರೆ, ಪಾಪ."

"ಸತ್ತದ್ದು ಖಂಡಿತವಾ?"

"ಅದೆಂತ ಪ್ರಶ್ನೆ! ಸಾಯುವುದರಲ್ಲಿ ಅರ್ಧ, ಮುಕ್ಕಾಲು ಅಂತ ಉಂಟಾ?"

"ನಿಮಗೆ ಗೊತ್ತಿಲ್ಲ ಬ್ಯಾರಿ. ಯಾರದ್ದೋ ಜೊತೆ ಬೊಂಬಾಯಿಗೆ ಓಡಿದ ಮಗಳನ್ನು ಸತ್ತಳು ಅಂತ ಹೇಳಿ ಸೂತಕ ತೆಗೆದವರಿದ್ದಾರೆ. ಅಂಥವಳ ಹೆಸರಿಗೆ ನಮ್ಮ ಶೇಖರನನ್ನು ಕಟ್ಟಿದರೆ ಅವ ಸುಮ್ಮನೆ ಕೂರ್ತಾನಾ? ಕಾಂತಿಯ ಗತಿ ಎಂತ?"

"ಹಾಗಾದರೆ ಹೋಗಿ ನೋಡುವ."

"ನೋಡುವ. ಸತ್ತಿದ್ದಾಳೋ ಇಲ್ಲವೋ, ಅಪ್ಪನ ಹೆಬ್ಬೆರಳು ಹೇಳ್ತದೆ."

ಹೊರಡುವ ದಿನ ನೀಲಾವತಿ ಅಂಗಳದ ತನಕ ಬಂದಳು. "ಅಣ್ಣ, ಬೆರಳು ನೋಡಿ ನಿನ್ನದನ್ನು ಮುರಿದುಕೊಂಡದ್ದು ಸಾಕು. ಮಗುವಿನದ್ದನ್ನು ಮುರಿಯಬೇಡ." ಕಾಂತಿ ಮಾವನ ಶಾಲನ್ನು ಮಡಚಿ ಕೈಗೆ ಕೊಟ್ಟಳು, ಕೊಟ್ಟ ಮೇಲೂ ತುಸು ಹೊತ್ತು ಅದರ ಅಂಚು ಬಿಡಲಿಲ್ಲ.

ಬಸ್ಸು ಬದಲಿಸಿ, ವಿಟ್ಲದಲ್ಲಿ ಮೊಯಿದಿನಬ್ಬನನ್ನು ಹತ್ತಿಸಿಕೊಂಡು, ನಮ್ಮ ವೀರ ಕನ್ಯಾನದಲ್ಲಿ ಇಳಿದಾಗ ಮಧ್ಯಾಹ್ನ. ಮಳೆ ಆ ದಿನ ರಜೆ ಹಾಕಿತ್ತು. ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು.

ಸತ್ತ ಹೆಣ್ಣನ್ನು ನೋಡುವ ಕ್ರಮ ಬದುಕಿದ ಹೆಣ್ಣನ್ನು ನೋಡುವ ಕ್ರಮದ ಹಾಗೆಯೇ. ಜಗಲಿಯಲ್ಲಿ ಚಾಪೆ ಹಾಸಿದ್ದರು. ಒಂದು ಕುರ್ಚಿಯ ಮೇಲೆ ಹಸಿರು ಸೀರೆ ಮಡಚಿಟ್ಟು, ಅದರ ಮೇಲೆ ಬಳೆ, ಒಂದು ಮೊಳ ಮಲ್ಲಿಗೆ. ಆ ಕುರ್ಚಿಯ ಹತ್ತಿರ ಯಾರೂ ಕೂತಿರಲಿಲ್ಲ. ಅವಲಕ್ಕಿ ಬಂತು, ಚಹಾ ಬಂತು. ಕುರ್ಚಿಯ ಎದುರೂ ಒಂದು ಲೋಟ ಚಹಾ ಇಟ್ಟರು. ಒಂದೇ ಪಾತ್ರೆಯಿಂದ ಬಗ್ಗಿಸಿದ ಚಹಾ. ಎಲ್ಲರ ಲೋಟದಲ್ಲೂ ಆವಿ ಏಳುತ್ತಿತ್ತು, ಆ ಲೋಟದಲ್ಲಿ ಮಾತ್ರ ಏಳಲಿಲ್ಲ.

ಶೆಟ್ಟರು ಅದನ್ನು ಕಂಡರೂ ಲೆಕ್ಕಿಸಲಿಲ್ಲ. ಚಹಾಕ್ಕೆ ಹೆಬ್ಬೆರಳಿಲ್ಲವಷ್ಟೆ.

"ಹುಡುಗಿಗೆ ಎಂತ ಆದದ್ದು ರಮಾನಾಥಣ್ಣ?"

ರಮಾನಾಥ ಶೆಟ್ಟರು ಎತ್ತರದ ಆಳು. ತಲೆಯೆತ್ತಿ, ರೆಪ್ಪೆ ಹೊಡೆಯದೆ, ನೋಣಯ್ಯ ಶೆಟ್ಟರ ಕಣ್ಣಿನಲ್ಲಿ ಕಣ್ಣಿಟ್ಟರು. "ಜ್ವರ. ನೋಡನೋಡುವಾಗ ಹೋಯಿತು." ಕೆಳಗೆ ಹೆಬ್ಬೆರಳು ಬಸವನಹುಳದ ಹಾಗೆ ಒಳಗೆ ಸೇದಿಕೊಂಡಿತು.

ಬಿದ್ದ ಕಳ್ಳ ಬಲೆಗೆ ಎಂದುಕೊಂಡರು ನಮ್ಮವರು. ಆಮೇಲೆ ಬಾಗಿಲ ದಾರಂದ ಹಿಡಿದು ನಿಂತಿದ್ದ ತಾಯಿ ಕಾವೇರಮ್ಮನ ಮೇಲೆ ದೃಷ್ಟಿ ಹರಿಸಿದರು. ಆಕೆ ಸೀರೆ ಇಟ್ಟ ಕುರ್ಚಿಯನ್ನು ಒಮ್ಮೆಯೂ ನೋಡಲಿಲ್ಲ. ಸರಸ ಎಂಬ ಹೆಸರು ಬಂದಾಗಲೆಲ್ಲ ಆಕೆಯ ಕಣ್ಣು ಮನೆಯೊಳಗೆ ಹೊಕ್ಕು, ಅಡಿಗೆಮನೆ ದಾಟಿ, ಹಿಂಬಾಗಿಲಿಗೆ ಹೋಗಿ ಬರುತ್ತಿತ್ತು. ಒಲೆಯ ಮೇಲಿನ ಹಾಲು ಉಕ್ಕುತ್ತದೋ ಏನೋ ಎಂದು ನೋಡಿ ಬರುವ ಹಾಗೆ.

ನೋಣಯ್ಯ ಶೆಟ್ಟರ ಶಾಸ್ತ್ರ ಎರಡನ್ನೂ ಕೂಡಿಸಿ ತೀರ್ಪು ಕೊಟ್ಟಿತು. ಅಪ್ಪ ಸುಳ್ಳು ಹೇಳುತ್ತಾನೆ, ಅಮ್ಮ ಅಡಗಿಸುತ್ತಾಳೆ. ಹುಡುಗಿ ಸತ್ತಿಲ್ಲ, ಹಿತ್ತಿಲಲ್ಲಿದ್ದಾಳೆ.

"ಒಂದು ಸ್ವಲ್ಪ ಕೈ ತೊಳೆದು ಬರ್ತೇನೆ," ಎಂದು ಎದ್ದರು.

ಹಿತ್ತಿಲಲ್ಲಿ ಬಿಸಿಲಿಗೆ ಒಣಗಿದ ಕಲ್ಲುಹಾಸು. ಆಚೆ ಬಾವಿ. ಬಾವಿಯ ಪಕ್ಕ ಕೊಡಪಾನ ಹಿಡಿದ ಹುಡುಗಿ, ಇಪ್ಪತ್ತರ ಒಳಗಿನ ಪ್ರಾಯ, ಕೂದಲು ಬಿಚ್ಚಿಕೊಂಡು ಬೆನ್ನಿಗೆ ಅಂಟಿತ್ತು. ಕೇಳುವ ಮೊದಲೇ ಬಂದು ಶೆಟ್ಟರ ಕೈಗೆ ನೀರು ಹೊಯ್ದಳು. ಆ ನೀರಿನ ತಂಪಿಗೆ ಮೊಣಕೈಯ ತನಕ ಎಲುಬು ಜುಮ್ಮೆಂದಿತು.

"ನೀನು ಯಾರು ಮಗಾ?"

"ಸರಸ."

ಶೆಟ್ಟರು ಕಣ್ಣು ನೋಡಿದರು. ಅದು ನೇರವಾಗಿಯೂ ನೋಡಲಿಲ್ಲ, ನೆಲವನ್ನೂ ನೋಡಲಿಲ್ಲ. ಬಹಳ ದೂರದಿಂದ ಯಾರೋ ಬರುತ್ತಿರುವುದನ್ನು ನೋಡುವ ಹಾಗೆ ಅವರನ್ನು ನೋಡಿತು. ಹೆಬ್ಬೆರಳು ಹುಡುಕಿದರು. ಸೀರೆಯ ಅಂಚು ನೆಲಕ್ಕೆ ತಾಗಿ ಏನೂ ಕಾಣಲಿಲ್ಲ.

"ನೀನು ಇಲ್ಲಿದ್ದೀ ಅಂತ ನಾನು ಹೋಗಿ ಹೇಳ್ತೇನೆ ನೋಡು," ಎಂದು ಗದರಿಸಿದರು.

"ಹೇಳಿ ಮಾವ. ಅಮ್ಮ ಹೇಳಿದರೆ ಯಾರೂ ನಂಬುವುದಿಲ್ಲ."

ಶೆಟ್ಟರು ಜಗಲಿಗೆ ನಡೆದದ್ದಲ್ಲ, ದಂಡೆತ್ತಿ ಹೋದರು. "ರಮಾನಾಥಣ್ಣ! ಮಗಳನ್ನು ಹಿತ್ತಿಲಲ್ಲಿ ಇಟ್ಟುಕೊಂಡು ಎದುರಿಗೆ ಸೀರೆ ಇಟ್ಟಿದ್ದೀರಲ್ಲ, ನಾಚಿಕೆ ಆಗುವುದಿಲ್ಲವಾ? ಈಗಷ್ಟೇ ಬಾವಿಯ ಹತ್ತಿರ ನನ್ನ ಕೈಗೆ ನೀರು ಹೊಯ್ದಳು!"

ಅಪ್ಪ ಕಾಲಿಗೆ ಬೀಳುತ್ತಾನೆ, ಅಮ್ಮ ಸೆರಗು ಬಾಯಿಗಿಡುತ್ತಾಳೆ ಎಂದು ಎದೆ ಸೆಟೆಸಿ ಕಾದರು. ಯಾರೂ ಅಲುಗಲಿಲ್ಲ. ಮೊಯಿದಿನಬ್ಬನ ಕೈಯ ಅವಲಕ್ಕಿ ಬಾಯಿಗೂ ಹೋಗದೆ ತಟ್ಟೆಗೂ ಬೀಳದೆ ನಿಂತಿತು.

ಕಾವೇರಮ್ಮ ಮೆಲ್ಲಗೆ ಕೇಳಿದಳು: "ತಲೆ ಬಾಚಿದ್ದಳಾ ಅಣ್ಣ?"

"ಇಲ್ಲ... ಬಿಚ್ಚಿಕೊಂಡಿತ್ತು. ಒದ್ದೆ ಇತ್ತು."

"ಹಾಗೆಯೇ ಇರ್ತಾಳೆ. ಎಷ್ಟು ಹೇಳಿದರೂ ಒರೆಸಿಕೊಳ್ಳುವುದಿಲ್ಲ."

ರಮಾನಾಥ ಶೆಟ್ಟರ ಕಣ್ಣು ಮೊದಲ ಸಲ ಕೆಳಗಿಳಿಯಿತು. "ಬನ್ನಿ," ಎಂದಷ್ಟೇ ಹೇಳಿ ಎಲ್ಲರನ್ನೂ ಹಿತ್ತಿಲಿಗೆ ಕರೆದುಕೊಂಡು ಹೋದರು.

ಹುಡುಗಿ ಇರಲಿಲ್ಲ. ಬಾವಿಯ ಬಾಯಿಗೆ ಹಲಗೆಗಳನ್ನು ಹಾಸಿ ಮೊಳೆ ಹೊಡೆದಿತ್ತು. ಹಲಗೆಗಳ ಸಂದಿಯಲ್ಲಿ ಜರಿಗಿಡ ಎದ್ದಿತ್ತು. ಹಗ್ಗವಿಲ್ಲ, ರಾಟೆಯಿಲ್ಲ.

"ಈ ಬಾವಿಯ ನೀರು ನಾವು ಮುಟ್ಟದೆ ಮೂರು ವರ್ಷ ಆಯ್ತು," ಎಂದರು ರಮಾನಾಥ ಶೆಟ್ಟರು. "ಜ್ವರ ಅಲ್ಲ ನೋಣಯ್ಯಣ್ಣ. ನೀರು ಸೇದಲಿಕ್ಕೆ ಬಂದವಳು, ಕಾಲು ಜಾರಿತು. ಬಾವಿಗೆ ಬಿದ್ದ ಹೆಣ್ಣು ಅಂತ ಹೇಳಿದರೆ ಸತ್ತ ಗಂಡಿನ ಮನೆಯವರೂ ಒಪ್ಪುವುದಿಲ್ಲ. ಅದಕ್ಕೇ ಸುಳ್ಳು ಹೇಳಿದೆ. ಇವಳು ಮಾತ್ರ ಮಗಳು ಹಿಂಬಾಗಿಲಲ್ಲಿ ನಿಂತಿದ್ದಾಳೆ ಅಂತ ದಿನಾ ಹೇಳ್ತಾಳೆ. ಇವಳ ತಲೆ ಕೆಟ್ಟಿದೆ ಅಂತ ನಾನು ಡಾಕ್ಟರಿಗೂ ತೋರಿಸಿದೆ."

ಅಭ್ಯಾಸಬಲದಿಂದ ನೋಣಯ್ಯ ಶೆಟ್ಟರ ಕಣ್ಣು ಆತನ ಕಾಲಿಗೆ ಹೋಯಿತು. ಹೆಬ್ಬೆರಳು ಕಲ್ಲಿನ ಮೇಲೆ ಚಪ್ಪಟೆಯಾಗಿ, ಸತ್ಯದ ಭಾರದಿಂದ ಮಲಗಿತ್ತು. ಶಾಸ್ತ್ರ ತಪ್ಪಿರಲಿಲ್ಲ. ಸುಳ್ಳಿನ ವಾಸನೆ ಸರಿಯಾಗಿಯೇ ಬಂದಿತ್ತು, ಅದು ಯಾವ ಪಾತ್ರೆಯಲ್ಲಿ ಬೇಯುತ್ತಿದೆ ಎಂಬುದು ಮಾತ್ರ ಗೊತ್ತಾಗಿರಲಿಲ್ಲ. ಇನ್ನು ಕಾವೇರಮ್ಮ ಅಡಗಿಸಿದ್ದೇನೂ ಇರಲಿಲ್ಲ. ಕಂಡದ್ದನ್ನು ನೋಡುತ್ತಿದ್ದಳು, ಅಷ್ಟೆ.

ಈಗ ಎಲ್ಲರೂ ತಿರುಗಿ ನೋಣಯ್ಯ ಶೆಟ್ಟರನ್ನೇ ನೋಡಿದರು. ಎರಡು ತಾಲೂಕುಗಳನ್ನು ನೋಡಿದ ಕಣ್ಣುಗಳಿಗೆ, ನೋಡಿಸಿಕೊಳ್ಳುವುದು ಹೇಗೆಂದು ತಿಳಿಯಲಿಲ್ಲ. ಎಲ್ಲಿಡುವುದು ಎಂದು ಹುಡುಕುತ್ತಾ ಅವು ಆಕಾಶಕ್ಕೆ ಹೋದವು, ಮನೆಯ ಹಂಚಿನ ಮಾಡಿಗೆ ಹೋದವು.

ಮೊಯಿದಿನಬ್ಬ ಕೆಳಗೆ ಬಗ್ಗಿ ಶೆಟ್ಟರ ಪಾದ ನೋಡಿದ. "ಬೆರಳು ನೆಟ್ಟಗೆ ಉಂಟು. ಕೈಯೂ ಒದ್ದೆ ಉಂಟು. ಶೆಟ್ರು ಸುಳ್ಳು ಹೇಳಿದ್ದಲ್ಲ." ಆಮೇಲೆ ಬಗ್ಗಿದಲ್ಲೇ ನಿಂತ. "ಯಾ ಅಲ್ಲಾ, ಸುಳ್ಳೇ ಆಗಿದ್ದರೆ ಎಷ್ಟು ಒಳ್ಳೆದಿತ್ತು."

ಅವನ ಬೆರಳು ಕಲ್ಲುಹಾಸಿನ ಕಡೆಗೆ ತೋರಿಸುತ್ತಿತ್ತು. ಬಾವಿಯಿಂದ ಹಿಂಬಾಗಿಲ ತನಕ ಒದ್ದೆ ಹೆಜ್ಜೆಗಳು. ಬಾವಿಯ ಹತ್ತಿರ ನೀರು ನಿಂತಿತ್ತು, ಬಾಗಿಲ ಕಡೆಗೆ ಬರಬರುತ್ತಾ ತೆಳುವಾಗಿತ್ತು. ಅಂದರೆ ನಡೆದವರು ಬಾವಿಯಿಂದ ಬಾಗಿಲಿಗೆ ಬಂದಿದ್ದರು. ಬೆರಳುಗಳ ಗುರುತು ಮಾತ್ರ ಬಾವಿಯ ಕಡೆಗೇ ಇತ್ತು.

ಆಗ ಓಡಿಹೋಗದಿದ್ದದ್ದೇ ನಮ್ಮ ವೀರನ ಜೀವಮಾನದ ಪರಾಕ್ರಮ. ಓಡದಿರಲು ಕಾರಣ ಕಾವೇರಮ್ಮ ಅವರ ಶಾಲು ಹಿಡಿದುಕೊಂಡದ್ದು.

"ನಿಮಗೆ ಕಂಡಿದ್ದಾಳಲ್ಲ ಅಣ್ಣ, ಹಾಗಾದರೆ ಮಾತಾಡ್ತಾಳೆ. ನೀವೇ ಕೇಳಿ, ನಿಮ್ಮ ಮನೆಗೆ ಬರ್ಲಿಕ್ಕೆ ಮನಸ್ಸುಂಟಾ ಅಂತ. ಅವಳಿಗೆ ಒಪ್ಪಿಗೆ ಇಲ್ಲದೆ ನಾನು ಕೊಡುವುದಿಲ್ಲ."

ಬೆಳಿಗ್ಗೆ ಕಾಂತಿ ಹಿಡಿದಿದ್ದ ಅಂಚನ್ನೇ ಈಕೆ ಹಿಡಿದಿದ್ದಳು. ಶೆಟ್ಟರು ತಲೆಯಾಡಿಸಿದರು. ಉಳಿದವರು ಜಗಲಿಗೆ ಹೋದರು. ಹೋಗುವವರಲ್ಲಿ ಮೊಯಿದಿನಬ್ಬನೇ ಮುಂದೆ.

ಹಿತ್ತಿಲಲ್ಲಿ ಬಿಸಿಲಿತ್ತು, ಹಕ್ಕಿಯ ಸದ್ದಿರಲಿಲ್ಲ. ಶೆಟ್ಟರು ಗಂಟಲು ಸರಿಮಾಡಿಕೊಂಡು ಯಾರೂ ಇಲ್ಲದ ಬಾವಿಗೆ ವರನ ಗುಣಗಾನ ಶುರುಮಾಡಿದರು. "ಹುಡುಗನಿಗೆ ಇಪ್ಪತ್ತೈದು. ಕುಡಿತ ಇಲ್ಲ. ಬೀಡಿ ಇಲ್ಲ. ನಾಲ್ಕು ಜನರ ಎದುರು ಮಾತು ಕಡಿಮೆ." ಹೇಳುತ್ತಿದ್ದಂತೆ ತಮ್ಮದೇ ಹೆಬ್ಬೆರಳು ಕಲ್ಲಿನ ಮೇಲೆ ಮಡಚುತ್ತಿರುವುದು ಅವರಿಗೆ ತಿಳಿಯಿತು.

"ನೋಡಲಿಕ್ಕೆ ಹೇಗಿದ್ದಾರೆ ಮಾವ?"

ಸ್ವರ ಬೆನ್ನ ಹಿಂದಿನಿಂದ ಬಂತು. ಶೆಟ್ಟರು ತಿರುಗಲಿಲ್ಲ. ಕೊರಳಿನ ಹತ್ತಿರ ಬಾವಿಯೊಳಗಿನ ತಂಪು ಇತ್ತು.

"ಗೊತ್ತಿಲ್ಲ ಮಗಾ," ಎಂದರು. ದಲ್ಲಾಳಿಯ ಬಾಯಿಯಿಂದ ಹೊರಟ ಮಾತೆಂದು ಅವರಿಗೇ ನಂಬಿಕೆಯಾಗಲಿಲ್ಲ. "ನಾನು ನೋಡಿದಾಗ ನಾಲ್ಕು ವರ್ಷ. ನನ್ನ ಬೈರಾಸಿನ ತುದಿ ಹಿಡಿದುಕೊಂಡೇ ಮಲಗ್ತಿದ್ದ. ಕಡೆಯ ದಿನವೂ ಹಿಡಿದಿದ್ದ. ಅಷ್ಟೇ ನನಗೆ ಗೊತ್ತಿರುವುದು. ನಿನಗೆ ಆಗ್ತದಾ?"

ಬೆನ್ನ ಹಿಂದೆ ಕೊಡಪಾನ ಕೆಳಗಿಟ್ಟ ಸದ್ದು. ಆಮೇಲೆ ಸ್ವರ ಕೇಳಿತು. "ನನಗೆಂತ, ಮಾವ ಹೇಳಿದ ಹಾಗೆ."

ಅದರ ಹಿಂದೆಯೇ ಕಲ್ಲಿನ ಮೇಲಿನ ಪಾಚಿಯನ್ನು ಉಗುರು ಕೆರೆಯುವ ಸದ್ದು. ಸರಕ್, ಸರಕ್.

ಶಾಸ್ತ್ರದ ಪ್ರಕಾರ ಇದು ಸುಳ್ಳು. ಎದ್ದು ಹೋಗಬೇಕು. ಆದರೆ ಶೆಟ್ಟರಿಗೆ ಇದೇ ಮಾತು ಹೇಳಿ ಇದೇ ರೀತಿ ಕೆರೆದ ಕಾಂತಿಯ ನೆನಪಾಯಿತು, ಅವಳು ತುರಿಯದೆ ಬಿಟ್ಟ ಕಾಯಿಯ ನೆನಪಾಯಿತು. ಆಮೇಲೆ ಎಷ್ಟೋ ಮನೆಗಳ ಬಾಗಿಲ ಸಂದಿಗಳು, ಎಷ್ಟೋ ಹೆಬ್ಬೆರಳುಗಳು ಸಾಲಾಗಿ ಬಂದು ನಿಂತವು. ಅವೆಲ್ಲ ಯಾವ ಸುಳ್ಳನ್ನು ಹೇಳುತ್ತಿದ್ದವು? ಬೇಡ ಎಂಬುದನ್ನು ಮುಚ್ಚಿ ಹೂಂ ಎಂದವೋ, ಹೂಂ ಎಂಬುದನ್ನು ಮುಚ್ಚಿ 'ನನಗೆಂತ' ಎಂದವೋ? ಶೆಟ್ಟರಿಗೆ ಒಮ್ಮೆಲೇ ಬಹಳ ಸುಸ್ತಾಯಿತು.

ಜಗಲಿಗೆ ಬಂದು, "ಹುಡುಗಿ ಒಪ್ಪಿದ್ದಾಳೆ," ಎಂದರು. ಎಲ್ಲರೂ ಮೊದಲು ಅವರ ಕಾಲು ನೋಡಿ ಆಮೇಲೆ ಎಲೆ ಅಡಿಕೆ ತೆಗೆದುಕೊಂಡರು.

ಆಟಿಯಲ್ಲಿ ಪುಂಜಾಲಕಟ್ಟೆಯ ಮನೆಯಲ್ಲಿ ಧಾರೆಯಾಯಿತು. ಎರಡು ಮಣೆಗಳು, ಒಂದರ ಮೇಲೆ ಧೋತ್ರ, ಇನ್ನೊಂದರ ಮೇಲೆ ಹಸಿರು ಸೀರೆ. ಚಾವಡಿಯ ದೀಪ ಗಾಳಿಗೂ ಅಲ್ಲಾಡದೆ ಉರಿಯಿತು. ಹೊರಡುವಾಗ ಕಾವೇರಮ್ಮ ನೀಲಾವತಿಗೆ ಹೇಳಿದಳು: "ತಲೆ ಒರೆಸಿಕೊಳ್ಳಲಿಕ್ಕೆ ಹೇಳಿ ಅಕ್ಕ. ಶೀತ ಆಗ್ತದೆ." ಕನ್ಯಾನಕ್ಕೆ ಹಿಂತಿರುಗಿದ ಆಕೆ ಹಿಂಬಾಗಿಲಿಗೆ ಹೋಗಿ ನೋಡಿದಳಂತೆ. ಯಾರೂ ಇಲ್ಲದ್ದನ್ನು ಕಂಡು, ಮಗಳನ್ನು ಗಂಡನ ಮನೆಗೆ ಕಳಿಸಿದ ಎಲ್ಲ ತಾಯಂದಿರ ಹಾಗೆ ಕೂತು ಅತ್ತಳಂತೆ. ಆಟಿ ಕಳೆದು ಕಾಂತಿ ಮೂಡಬಿದಿರೆಗೆ ಹೋದಳು. ಅವಳನ್ನು ಯಾರೂ ತಡೆಯಲಿಲ್ಲ.

ಅಲ್ಲಿಂದ ಮುಂದೆ ಶೆಟ್ಟರ ಕೀರ್ತಿ ಇಳಿಯತೊಡಗಿತು. ಅರವತ್ತರ ದಶಕದಲ್ಲಿ ಅವರ ಮನೆಯ ಜಗಲಿಯಲ್ಲಿ ವ್ಯಾಪಾರಕ್ಕೆ ಕೂತವರು ಒಂದು ವಿಚಿತ್ರ ಕಂಡರು. ಬೈರಾಸಿನ ಅಡಿಯಲ್ಲಿ ಕೈಯಿರುತ್ತಿತ್ತು, ಬಾಯಿ ಮಾತಾಡುತ್ತಿತ್ತು, ಕಣ್ಣು ಮಾತ್ರ ಮನೆಯೊಳಗೆ ಹೊಕ್ಕು, ಅಡಿಗೆಮನೆ ದಾಟಿ, ಹಿಂಬಾಗಿಲಿಗೆ ಹೋಗಿ ಬರುತ್ತಿತ್ತು. "ನೋಣಯ್ಯ ಶೆಟ್ರೂ ಸುಳ್ಳು ಹೇಳ್ಲಿಕ್ಕೆ ಕಲಿತರು," ಎಂದು ಕಟ್ಟೆಯಲ್ಲಿ ಕೂತವರು ನಕ್ಕರು. ಮೊಯಿದಿನಬ್ಬ ನಗಲಿಲ್ಲ. ಆದರೆ ಆ ಮನೆಯಲ್ಲಿ ಹಿಂಬಾಗಿಲಿಗೆ ಬೆನ್ನು ಹಾಕಿ ಕೂರುವುದನ್ನು ಅವನು ಬಿಟ್ಟಿದ್ದ.

ಹಿಂಬಾಗಿಲ ಗೂಟದಲ್ಲಿ ಶೆಟ್ಟರು ದಿನಾ ಬೆಳಿಗ್ಗೆ ಒಣ ಬೈರಾಸೊಂದನ್ನು ನೇತುಹಾಕುತ್ತಿದ್ದರು. ಸುಡುವ ಬೇಸಿಗೆಯಲ್ಲಿ, ಗದ್ದೆ ಬಿರಿದು ನಿಂತ ಒಂದು ಮಧ್ಯಾಹ್ನ, ನೀಲಾವತಿ ಅದನ್ನು ಹಿಂಡಿದಳು. ನೀರು ಇಳಿಯಿತು.

"ಅಣ್ಣ, ಇದು ಯಾವಾಗ ನೋಡಿದರೂ ಒದ್ದೆ ಇರ್ತದಲ್ಲ, ಯಾಕೆ?"

"ನಾನೇ ಕೈ ಒರೆಸಿದ್ದು," ಎಂದರು ಶೆಟ್ಟರು, ತಂಗಿಯ ಕಣ್ಣಿನಲ್ಲಿ ಕಣ್ಣಿಟ್ಟು, ರೆಪ್ಪೆ ಹೊಡೆಯದೆ.

ನೀಲಾವತಿ ಅಣ್ಣನ ಕಾಲಿನ ಕಡೆಗೆ ಒಮ್ಮೆ ನೋಡಿದಳು. ಒಳಗೆ ಹೋಗಿ, ಇನ್ನೊಂದು ಒಣ ಬೈರಾಸು ತಂದು, ಮೊದಲಿನದರ ಪಕ್ಕದಲ್ಲಿ ನೇತುಹಾಕಿದಳು. ನಾಲ್ಕು ವರ್ಷದ ಮಗು ಹಿಡಿದುಕೊಳ್ಳುವಷ್ಟು ಕೆಳಗೆ ಅದರ ತುದಿಯನ್ನು ಎಳೆದು ಬಿಟ್ಟಳು.